ನಿದ್ದೆಗೆಟ್ಟ ದೊರೆಯ ದನಿ: ಮ್ಯಾಕ್ಸ್‌ವೆಲ್ ಡೇವಿಸ್ ಕೃತಿಯ ಬಗ್ಗೆ ಒಂದು ಟಿಪ್ಪಣಿ

ಪೀಟರ್ ಮ್ಯಾಕ್ಸ್‌ವೆಲ್ ಡೇವಿಸ್ ಅವರ ‘ಏಯ್ಟ್ ಸಾಂಗ್ಸ್ ಫಾರ್ ಎ ಮ್ಯಾಡ್ ಕಿಂಗ್’ 1969ರ ಏಪ್ರಿಲ್ 22ರಂದು ಲಂಡನ್ನಿನ ಕ್ವೀನ್ ಎಲಿಜಬೆತ್ ಹಾಲ್‌ನಲ್ಲಿ ಮೊದಲ ಬಾರಿಗೆ ಪ್ರಯೋಗಗೊಂಡಿತು. ಒಬ್ಬ ಗಾಯಕ, ಆರು ವಾದಕರು, ಸುಮಾರು ಅರ್ಧ ಗಂಟೆಯ ಸಂಗೀತ. ಬ್ರಿಟನ್ನಿನ ಮೂರನೆಯ ಜಾರ್ಜ್ ದೊರೆಯ ಮನೋವ್ಯಾಧಿ ಇದರ ವಸ್ತು. ಕೃತಿಯ ಚೀರಾಟ, ನರಳಾಟಗಳನ್ನು ರಂಗಚಮತ್ಕಾರವೆಂದು ಭಾವಿಸುವವರಿದ್ದಾರೆ. ಆ ದನಿಗೆ ಚರಿತ್ರೆಯ ಆಧಾರವಿದೆ ಎಂದು ತೋರಿಸುವುದು ಈ ಟಿಪ್ಪಣಿಯ ಉದ್ದೇಶ.

1788ರ ಅಕ್ಟೋಬರಿನಲ್ಲಿ, ರಾಣಿಯ ಪರಿವಾರದಲ್ಲಿದ್ದ ಕಾದಂಬರಿಕಾರ್ತಿ ಫ್ಯಾನಿ ಬರ್ನಿ ದೊರೆಯ ಗೊಗ್ಗರು ದನಿಯನ್ನೂ ಮಾತಿನ ರಭಸವನ್ನೂ ತಮ್ಮ ದಿನಚರಿಯಲ್ಲಿ ದಾಖಲಿಸಿದ್ದಾರೆ. ರಾತ್ರಿಯೆಲ್ಲ ನಿದ್ದೆಯೇ ಹತ್ತುತ್ತಿಲ್ಲವೆಂದು ದೊರೆ ತಾನೇ ಅವರಿಗೆ ಹೇಳಿದ್ದ. ರೋಗ ಯಾವುದೆಂಬ ಚರ್ಚೆ ಇನ್ನೂ ಮುಗಿದಿಲ್ಲ. 1966ರಲ್ಲಿ ಮಂಡನೆಯಾದ ಪೋರ್ಫಿರಿಯಾ ವಾದವನ್ನು ನಂತರದ ಹಲವು ವಿದ್ವಾಂಸರು ಒಪ್ಪಿಲ್ಲ. ಕಾರಣ ಏನೇ ಇರಲಿ, ನಿದ್ದೆಗೇಡು, ನಿಲ್ಲದ ಮಾತು, ಸವೆದ ಗಂಟಲು ಮೂರೂ ಒಟ್ಟಿಗಿದ್ದವೆಂಬುದಕ್ಕೆ ಬರ್ನಿಯವರ ಸಾಕ್ಷ್ಯವಿದೆ.

ಪಠ್ಯ ಬರೆದ ಆಸ್ಟ್ರೇಲಿಯಾದ ಲೇಖಕ ರ‍್ಯಾಂಡಾಲ್ಫ್ ಸ್ಟೋ ಅವರಿಗೆ ಪ್ರೇರಣೆಯಾದದ್ದು ದೊರೆಯದಾಗಿದ್ದ, ಎಂಟು ಧಾಟಿಗಳನ್ನು ನುಡಿಸುವ ಪುಟ್ಟ ಯಾಂತ್ರಿಕ ಆರ್ಗನ್. ಬುಲ್‌ಫಿಂಚ್ ಹಕ್ಕಿಗಳಿಗೆ ಹಾಡು ಕಲಿಸಲು ದೊರೆ ಅದನ್ನು ಬಳಸುತ್ತಿದ್ದನಂತೆ. ದಿನವಿಡೀ ತನ್ನಷ್ಟಕ್ಕೆ ಮಾತಾಡಿ ಹಾಳಾದ ದನಿಯಲ್ಲಿ ಹಕ್ಕಿಗಳೊಡನೆ ಹಾಡಲೆಳಸುವ ದೊರೆಯನ್ನು ಸ್ಟೋ ಕಲ್ಪಿಸಿಕೊಂಡರು. ಆ ದನಿಯನ್ನು ವೇದಿಕೆಗೆ ತಂದ ರಾಯ್ ಹಾರ್ಟ್ ಅವರು ಆಲ್ಫ್ರೆಡ್ ವುಲ್ಫ್‌ಸೋನ್ ಅವರ ಶಿಷ್ಯ. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಕೇಳಿದ ಗಾಯಾಳುಗಳ ಆಕ್ರಂದನ ವುಲ್ಫ್‌ಸೋನ್ ಅವರನ್ನು ಬಹುಕಾಲ ಕಾಡಿತ್ತು. ಮನುಷ್ಯಕಂಠದ ಎಲ್ಲೆಗಳ ಬಗೆಗಿನ ಅವರ ಶೋಧ ಹುಟ್ಟಿದ್ದು ಆ ಸಂಕಟದಿಂದಲೇ.

ವಾದ್ಯಮೇಳದ ವಿನ್ಯಾಸವನ್ನೂ ಇಷ್ಟೇ ಗಮನವಿಟ್ಟು ನೋಡಬೇಕು. ಫ್ಲೂಟ್, ಕ್ಲಾರಿನೆಟ್, ಪಿಟೀಲು, ಚೆಲ್ಲೊ ವಾದಕರು ಪಂಜರಗಳೊಳಗೆ ಕುಳಿತು ಆಗಾಗ ಆ ಹಕ್ಕಿಗಳಾಗುತ್ತಾರೆ. ತಾಳವಾದ್ಯದವರು ದೊರೆಯ ಕಾವಲುಗಾರ. ಮೂರನೆಯ ಹಾಡಿನ ಸ್ವರಲಿಪಿಯೇ ಪಂಜರದ ಆಕಾರದಲ್ಲಿದೆ. ಅಲ್ಲಿ ದೊರೆ ಫ್ಲೂಟಿನೊಡನೆ, ನಾಲ್ಕರಲ್ಲಿ ಚೆಲ್ಲೊದೊಡನೆ, ಏಳರಲ್ಲಿ ಪಿಟೀಲಿನೊಡನೆ ಸಂವಾದಿಸುತ್ತಾನೆ. ಏಳನೆಯ ಹಾಡಿನಲ್ಲಿ ಆ ಪಿಟೀಲನ್ನೇ ಕಸಿದು ಮುರಿಯುತ್ತಾನೆ. ದೊರೆ ತನ್ನದೇ ಒಂದು ಭಾಗವನ್ನು ಕೊಲ್ಲುವ ವಿಧಿಯೆಂದು ಡೇವಿಸ್ ಇದನ್ನು ವಿವರಿಸಿದ್ದಾರೆ. ಅದಾದ ಮೇಲೆಯೇ ಎಂಟನೆಯ ಹಾಡಿನಲ್ಲಿ ದೊರೆ ತನ್ನ ಸಾವನ್ನು ತಾನೇ ಸಾರುತ್ತಾನೆ.

ಕಿರುಮೇಳದ ಶಕ್ತಿ ಇಲ್ಲಿ ಸ್ಪಷ್ಟವಾಗುತ್ತದೆ. ದೊಡ್ಡ ವಾದ್ಯವೃಂದದಲ್ಲಿ ಒಂದು ಪಿಟೀಲು ಮುರಿದರೆ ಉಳಿದವು ಅದರ ಜಾಗ ತುಂಬುತ್ತವೆ. ಆರೇ ಜನರಿರುವಲ್ಲಿ ಒಬ್ಬ ಜೊತೆಗಾರನೇ ಇಲ್ಲವಾಗುತ್ತಾನೆ. ಆದ್ದರಿಂದ ಈ ಕೃತಿಯನ್ನು ಪ್ರಯೋಗಿಸುವವರು ಗಾಯಕನ ಅಬ್ಬರಕ್ಕಿಂತ ಈ ಸಂವಾದಗಳಿಗೆ ಹೆಚ್ಚು ಒತ್ತು ಕೊಡಬೇಕು. ಸಂವಾದ ಕೇಳಿಸದಿದ್ದರೆ ದೊರೆಯ ಸಂಕಟ ನೋಡುಗರ ಪಾಲಿಗೆ ಬರೀ ತಮಾಷೆಯಾಗಿಬಿಡುತ್ತದೆ.