ಒಬ್ಬ ವಿದ್ಯಾರ್ಥಿನಿಗಾಗಿ ತೆರೆದ ಕಾಲೇಜು

ವೈದ್ಯಶಾಸ್ತ್ರವನ್ನು ಕಲಿಯುವುದಕ್ಕೆ ಮುಂಚೆ ಸಾಮಾನ್ಯ ವಿದ್ಯೆಯನ್ನು ಯಾವ ಕಾಲೇಜಿನಲ್ಲಿ ಮುಗಿಸಬೇಕೆಂಬುದು ಇಂದು ಮನೆಮನೆಯಲ್ಲಿಯೂ ಚರ್ಚೆಗೆ ಬರುವ ಮಾತು. 1878ರಲ್ಲಿ ವಂಗದೇಶದ ಹೆಣ್ಣುಮಗಳೊಬ್ಬಳು ಎಂಟ್ರೆನ್ಸ್ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿ ಮುಂದಣ ಓದಿಗೆ ಸಿದ್ಧಳಾದಾಗ ಇಂತಹ ಚರ್ಚೆಗೆ ಎಡೆಯೇ ಇರಲಿಲ್ಲ, ಆರಿಸಿಕೊಳ್ಳಲು ಕಾಲೇಜಿದ್ದರಲ್ಲವೆ?

ಆಕೆಯೇ ಕಾದಂಬಿನೀ ಬಸು. ತಂದೆ ಬ್ರಜಕಿಶೋರ ಬಸು ಭಾಗಲ್ಪುರದಲ್ಲಿ ಮುಖ್ಯೋಪಾಧ್ಯಾಯರಾಗಿದ್ದರು. ಬಾಲಕಿಯು ಕಲ್ಕತ್ತೆಯ ಬಂಗ ಮಹಿಳಾ ವಿದ್ಯಾಲಯದಲ್ಲಿ ಓದುತ್ತಿರಲು, ಆ ಶಾಲೆಯು 1878ರಲ್ಲಿ ಬೆಥೂನ್ ಶಾಲೆಯೊಡನೆ ಸೇರಿಹೋಯಿತು. ಮೊದಲ ದರ್ಜೆಯು ಆಕೆಗೆ ಒಂದೇ ಅಂಕದಿಂದ ತಪ್ಪಿತೆಂದು ಹೇಳುತ್ತಾರೆ. ಕಲ್ಕತ್ತಾ ವಿಶ್ವವಿದ್ಯಾನಿಲಯವೇನೋ ಸ್ತ್ರೀಯರಿಗೆ ಪರೀಕ್ಷೆಯ ಬಾಗಿಲನ್ನು ತೆರೆದಿತ್ತು. ಆದರೆ ಪರೀಕ್ಷೆಗೆ ಓದಿಸುವವರು ಯಾರು? ಗಂಡುಮಕ್ಕಳ ಕಾಲೇಜುಗಳಲ್ಲಿ ಆಕೆಯನ್ನು ಕೂಡಿಸುವುದು ಆ ಕಾಲದಲ್ಲಿ ಊಹೆಗೂ ಮೀರಿದ ಸಂಗತಿಯಾಗಿದ್ದಿತು. ಕಡೆಗೆ 1879ರಲ್ಲಿ ಬೆಥೂನ್ ಶಾಲೆಯಲ್ಲಿಯೇ ಎಫ್. ಎ. ತರಗತಿಯನ್ನು ಆರಂಭಿಸಿದರು. ಆ ತರಗತಿಯಲ್ಲಿದ್ದ ವಿದ್ಯಾರ್ಥಿನಿ ಒಬ್ಬಳೇ. ಒಬ್ಬಳಿಗಾಗಿ ಇಷ್ಟೊಂದು ವೆಚ್ಚವೇ ಎಂದು ಲೆಕ್ಕ ಹಾಕುವವರ ಮಾತು ನಡೆದಿದ್ದರೆ ಮುಂದಿನ ಚರಿತ್ರೆಯು ಬೇರೆಯಾಗುತ್ತಿದ್ದಿತು.

ಹೀಗೆ ತೆರೆದ ಬಾಗಿಲೂ ಎಲ್ಲರಿಗಾಗಿ ತೆರೆದುದಲ್ಲ. ಬೆಥೂನ್ ಶಾಲೆಯು ಹಿಂದೂ ಮನೆತನದ ಬಾಲಿಕೆಯರಿಗೆ ಮೀಸಲಾಗಿದ್ದುದರಿಂದ, ಕ್ರೈಸ್ತಳಾದ ಚಂದ್ರಮುಖೀ ಬಸುವು ಎಫ್. ಎ. ಓದನ್ನು ಮಿಷನರಿ ಶಾಲೆಯೊಂದರಲ್ಲಿ ಮುಗಿಸಬೇಕಾಯಿತು. ತರುವಾಯ ನಿಯಮವು ಸಡಿಲಗೊಂಡು ಇಬ್ಬರೂ ಬೆಥೂನಿನಲ್ಲಿಯೇ ಬಿ. ಎ. ಓದಿ, 1883ರಲ್ಲಿ ಪದವಿಯನ್ನು ಪಡೆದರು. ಕೇಂಬ್ರಿಜ್ ವಿಶ್ವವಿದ್ಯಾನಿಲಯವು ಸ್ತ್ರೀಯರಿಗೆ ಪೂರ್ಣ ಪದವಿಯನ್ನು ಕೊಟ್ಟುದು 1948ರಲ್ಲೆಂಬುದನ್ನು ನೆನೆದರೆ ಈ ಘಟನೆಯ ತೂಕವು ತಿಳಿಯುವುದು.

ಈ ನಡುವೆ ವೈದ್ಯವಿದ್ಯೆಯನ್ನು ಬಯಸಿದ ಮತ್ತೊಬ್ಬ ತರುಣಿಯಿದ್ದಳು. ದುರ್ಗಾಮೋಹನ ದಾಸರ ಮಗಳಾದ ಅಬಲಾ ದಾಸಳಿಗೆ ಕಲ್ಕತ್ತೆಯ ವೈದ್ಯಕೀಯ ಕಾಲೇಜಿನಲ್ಲಿ ಪ್ರವೇಶವು ದೊರೆಯಲಿಲ್ಲ. ಮದರಾಸಿನ ಕಾಲೇಜಾದರೋ 1875ರಲ್ಲಿಯೇ ಮೇರಿ ಶಾರ್ಲೀಬ್ ಮೊದಲಾದ ನಾಲ್ವರು ಸ್ತ್ರೀಯರನ್ನು ಸೇರಿಸಿಕೊಂಡಿದ್ದಿತು. ಆದುದರಿಂದ ಅಬಲೆಯು 1882ರಲ್ಲಿ ವಂಗ ಸರ್ಕಾರದ ವಿದ್ಯಾರ್ಥಿವೇತನದೊಡನೆ ಭಾಷೆಯೂ ಬಳಕೆಯೂ ಬೇರೆಯಾದ ಮದರಾಸಿಗೆ ಹೊರಟಳು. ಮೈಸೂರು ಸಂಸ್ಥಾನದ ಹುಡುಗರು ಸಹ 1924ರಲ್ಲಿ ಸ್ವಂತ ವೈದ್ಯಕೀಯ ಕಾಲೇಜು ಹುಟ್ಟುವವರೆಗೆ ಮದರಾಸಿನತ್ತ ಮುಖ ಮಾಡಿದವರೇ. ಆದರೆ ಅಬಲೆಯ ಓದು ಪೂರ್ತಿಯಾಗಲಿಲ್ಲ. ಆರೋಗ್ಯವು ಕೆಟ್ಟು ಆಕೆ ಹಿಂದಿರುಗಬೇಕಾಯಿತು. ದೂರದ ಊರಿಗೆ ಕಳುಹಿಸುವ ಔದಾರ್ಯವನ್ನು ತೋರಿದ ಸರ್ಕಾರವು ತನ್ನ ಊರಿನ ಬಾಗಿಲನ್ನು ಒಂದು ವರುಷ ಮೊದಲೇ ತೆರೆಸಿದ್ದರೆ ಏನಾಗುತ್ತಿದ್ದಿತೋ!

1883ರಲ್ಲಿ ಕಾದಂಬಿನಿಯು ಅದೇ ಬಾಗಿಲನ್ನು ತಟ್ಟಿದಳು. ಅಷ್ಟರಲ್ಲಿ ಆಕೆ ಬಿ. ಎ. ಪದವೀಧರೆ; ಸ್ತ್ರೀವಿದ್ಯೆಗಾಗಿ ಹೋರಾಡುತ್ತಿದ್ದ ತನ್ನ ಗುರು ದ್ವಾರಕಾನಾಥ ಗಂಗೂಲಿಯವರನ್ನು ಅದೇ ವರುಷ ಮದುವೆಯಾಗಿದ್ದಳು. ಕಾಲೇಜಿನ ಆಡಳಿತ ಮಂಡಲಿಯು ಒಪ್ಪಲಿಲ್ಲ. ಲೆಫ್ಟೆನೆಂಟ್ ಗವರ್ನರ್ ರಿವರ್ಸ್ ಥಾಮ್ಸನ್‌ರ ಸರ್ಕಾರವು ಆ ವಿರೋಧವನ್ನು ತಳ್ಳಿಹಾಕಿ ಪ್ರವೇಶವನ್ನು ಕೊಡಿಸಿತು. ಒಳಗೆ ಹೋದ ಮೇಲೆಯೂ ದಾರಿಯು ಸುಗಮವಾಗಿರಲಿಲ್ಲ. ಕೊನೆಯ ಪರೀಕ್ಷೆಯ ಒಂದು ವಿಷಯದಲ್ಲಿ ತೇರ್ಗಡೆಯಾಗದೆ ಎಂ. ಬಿ. ಪದವಿಯು ಕೈತಪ್ಪಿತು, 1886ರಲ್ಲಿ ಕಾಲೇಜು ಕೊಟ್ಟ ಜಿ. ಬಿ. ಎಂ. ಸಿ. ಪ್ರಮಾಣಪತ್ರದಿಂದಲೇ ಆಕೆ ವೃತ್ತಿಯನ್ನು ಆರಂಭಿಸಿದಳು. 1893ರಲ್ಲಿ ಮಕ್ಕಳನ್ನು ಮನೆಯಲ್ಲಿ ಬಿಟ್ಟು ಬ್ರಿಟನ್ನಿಗೆ ಹೋಗಿ, ಅಲ್ಲಿಯ ವೈದ್ಯ ಪ್ರಮಾಣಪತ್ರಗಳನ್ನು ಪಡೆದು ಬಂದಳು.

ಅಬಲೆಯು 1887ರಲ್ಲಿ ವಿಜ್ಞಾನಿ ಜಗದೀಶಚಂದ್ರ ಬಸುವಿನ ಕೈಹಿಡಿದಳು. 1919ರಲ್ಲಿ ಆಕೆ ನಾರೀ ಶಿಕ್ಷಾ ಸಮಿತಿಯನ್ನು ಸ್ಥಾಪಿಸಿ, ವಂಗದೇಶದ ಹಳ್ಳಿಗಳಲ್ಲಿ ಹೆಣ್ಣುಮಕ್ಕಳಿಗಾಗಿ ಶಾಲೆಗಳನ್ನು ತೆರೆಸತೊಡಗಿದಳು.