ತೈಲ ರಾಷ್ಟ್ರಗಳ ಒಗ್ಗಟ್ಟು: ಬಗ್ದಾದಿನಿಂದ ಮಂಗಳೂರಿನವರೆಗೆ

ಅಮಾವಾಸ್ಯೆಯ ದಿನ ತುಂಗಭದ್ರೆಯ ದಡದ ಉಕ್ಕಡಗಾತ್ರಿಗೆ ಹರಿಹರದಿಂದ ಬಸ್ಸುಗಳು ತುಂಬಿ ಹೊರಡುತ್ತವೆ. ಅವು ಕುಡಿಯುವ ಡೀಸೆಲ್‌ನ ಬೆಲೆಯಲ್ಲಿ ಒಂದು ಪಾಲು ದೆಹಲಿ, ಬೆಂಗಳೂರುಗಳ ತೆರಿಗೆಯದಾದರೆ, ಇನ್ನೊಂದು ಪಾಲಿನ ಬೇರು ವಿಯೆನ್ನಾದಲ್ಲಿ ಸಭೆ ಸೇರುವ ಒಪೆಕ್ ಎಂಬ ಒಕ್ಕೂಟದವರೆಗೂ ಚಾಚಿದೆ.

ಇದನ್ನು ಅರಬರ, ಅಥವಾ ಮುಸ್ಲಿಮರ ಕೂಟವೆಂದು ನಮ್ಮಲ್ಲಿ ಅನೇಕರು ಭಾವಿಸಿದ್ದಾರೆ. ವಾಸ್ತವದಲ್ಲಿ ಇದರ ಕಲ್ಪನೆಗೆ ರೂಪ ಕೊಟ್ಟವರಿಬ್ಬರು: ಸೌದಿ ಅರೇಬಿಯಾದ ಅಬ್ದುಲ್ಲಾ ಅಲ್ ತಾರೀಕಿ ಮತ್ತು ದೂರದ ವೆನೆಜುವೆಲಾದ ಹುವಾನ್ ಪಾಬ್ಲೊ ಪೆರೆಜ್ ಅಲ್ಫೊನ್ಸೊ. ಉತ್ಪಾದನೆಗೆ ಮಿತಿ ಹೇರುವ ಪಾಠವನ್ನು ಪೆರೆಜ್ ಕಲಿತದ್ದು ಅಮೆರಿಕದ ಟೆಕ್ಸಾಸ್ ರಾಜ್ಯದ ನಿಯಂತ್ರಣ ಮಂಡಳಿಯಿಂದ ಎಂಬುದು ಇತಿಹಾಸದ ಒಂದು ಸೋಜಿಗ. 1959ರಲ್ಲಿ ಕೈರೋದ ಅರಬ್ ಪೆಟ್ರೋಲಿಯಂ ಸಮ್ಮೇಳನದ ಸಂದರ್ಭದಲ್ಲಿ ಇಬ್ಬರೂ ಗುಟ್ಟಾಗಿ ಮಾತುಕತೆ ನಡೆಸಿದರು.

ಅಂದು ತೈಲವು ನೆಲದೊಡೆಯರದ್ದಾಗಿದ್ದರೂ ಬೆಲೆ ಪಾಶ್ಚಾತ್ಯ ಕಂಪೆನಿಗಳದ್ದಾಗಿತ್ತು. ಕಂಪೆನಿಗಳು ಪ್ರಕಟಿಸುತ್ತಿದ್ದ ದರದ ಆಧಾರದಲ್ಲಿಯೇ ಸರಕಾರಗಳಿಗೆ ತೆರಿಗೆ ಸಂದಾಯವಾಗುತ್ತಿತ್ತು. ಅವರು ದರ ಇಳಿಸಿದರೆ ಒಂದು ದೇಶದ ಬೊಕ್ಕಸವೇ ಇಳಿಯುತ್ತಿತ್ತು. 1960ರ ಆಗಸ್ಟ್‌ನಲ್ಲಿ ಇಂತಹ ಇಳಿಕೆ ಮತ್ತೊಮ್ಮೆ ಘೋಷಣೆಯಾದಾಗ ತಾಳ್ಮೆ ಮುಗಿಯಿತು. ಸೆಪ್ಟೆಂಬರ್‌ನಲ್ಲಿ ಇರಾಕ್, ಇರಾನ್, ಕುವೈತ್, ಸೌದಿ ಅರೇಬಿಯಾ, ವೆನೆಜುವೆಲಾಗಳು ಬಗ್ದಾದಿನಲ್ಲಿ ಸೇರಿ ಒಪೆಕ್ ಸ್ಥಾಪಿಸಿದವು. ಕಚೇರಿ ಮೊದಲು ಜಿನೀವಾದಲ್ಲಿದ್ದು, 1965ರಲ್ಲಿ ವಿಯೆನ್ನಾಕ್ಕೆ ಹೋಯಿತು.

1973ರ ತೈಲ ನಿರ್ಬಂಧವನ್ನೂ ಒಪೆಕ್‌ನ ಲೆಕ್ಕಕ್ಕೆ ಬರೆಯುವುದುಂಟು. ಅದು ಸರಿಯಲ್ಲ. ನಿರ್ಬಂಧ ಹೇರಿದ್ದು ಅರಬ್ ರಾಷ್ಟ್ರಗಳು. ಇರಾನ್ ಅದರಲ್ಲಿ ಸೇರಲಿಲ್ಲ. ಆದರೆ ಆ ಬಳಿಕ ಸುಮಾರು ನಾಲ್ಕು ಪಟ್ಟು ಏರಿದ ಬೆಲೆಯಿಂದ ಗಲ್ಫ್‌ನಲ್ಲಿ ರಸ್ತೆ, ಬಂದರು, ನಗರಗಳೆದ್ದವು; ನಮ್ಮ ಕರಾವಳಿಯ ಯುವಕರು ಅಲ್ಲಿಗೆ ಹಡಗು, ವಿಮಾನ ಹತ್ತಿದರು. ಊರಿನ ಎಷ್ಟೋ ಹೆಂಚಿನ ಮನೆಗಳು ತಾರಸಿ ಕಂಡದ್ದು ಆ ಹಣದಿಂದಲೇ.

ಒಗ್ಗಟ್ಟು ಮುರಿದಾಗ ಏನಾಯಿತೆಂಬುದನ್ನೂ ಅದೇ ಮನೆಗಳು ಕಂಡಿವೆ. 1982ರಿಂದ ಪ್ರತಿ ಸದಸ್ಯನಿಗೂ ಉತ್ಪಾದನೆಯ ಪಾಲು ಗೊತ್ತುಪಡಿಸಲಾಗಿತ್ತು. ಮೀರಿದವರನ್ನು ದಂಡಿಸುವ ಅಧಿಕಾರ ಮಾತ್ರ ಯಾರಿಗೂ ಇರಲಿಲ್ಲ. ಕುವೈತ್ ತನ್ನ ಪಾಲು ಮೀರಿ ತೈಲ ತೆಗೆದು ಬೆಲೆ ಕುಸಿಯುವಂತೆ ಮಾಡುತ್ತಿದೆಯೆಂದು ಸಾಲದಲ್ಲಿ ಮುಳುಗಿದ್ದ ಇರಾಕ್ ದೂರಿತು. 1990ರ ಆಗಸ್ಟ್ 2ರಂದು ಅದರ ಸೈನ್ಯ ಕುವೈತನ್ನು ಹೊಕ್ಕಿತು. ಒಂದೇ ಒಕ್ಕೂಟದ ಇಬ್ಬರು ಸ್ಥಾಪಕರು! ದೂರಿಗೆ ಎಷ್ಟೇ ಆಧಾರವಿರಲಿ, ಆ ಆಕ್ರಮಣಕ್ಕೆ ಸಮರ್ಥನೆಯಿಲ್ಲ. ಸುಮಾರು 1,70,000 ಭಾರತೀಯರು ದುಡಿದದ್ದನ್ನೆಲ್ಲ ಬಿಟ್ಟು, ಬಹುಪಾಲು ಜೋರ್ಡಾನಿನ ಅಮ್ಮಾನ್ ಮಾರ್ಗವಾಗಿ ವಿಮಾನಗಳಲ್ಲಿ ಮರಳಿದರು.

2016ರಲ್ಲಿ ರಷ್ಯಾ ಮುಂತಾದ ಹೊರಗಿನ ಉತ್ಪಾದಕರೂ ಕೈಜೋಡಿಸಿದರು. ಕೊರೊನಾ ಕಾಲದ 2020ರ ಏಪ್ರಿಲ್‌ನಲ್ಲಿ ಎಲ್ಲರೂ ಸೇರಿ ದಿನಕ್ಕೆ 97 ಲಕ್ಷ ಬ್ಯಾರೆಲ್ ಕಡಿತಕ್ಕೆ ಒಪ್ಪಿದರು.

ಕೊಳ್ಳುವವರೂ ಸುಮ್ಮನೆ ಕುಳಿತಿಲ್ಲ. ಮಂಗಳೂರಿನಲ್ಲಿ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್ ಕಚ್ಚಾತೈಲ ಹಿಡಿಯುವ ಗುಹೆಗಳನ್ನು ಬಂಡೆಯೊಳಗೆ ಕೊರೆಯಲಾಗಿದೆ. 2018ರ ಒಪ್ಪಂದದಂತೆ ಮಂಗಳೂರಿನ ಗುಹೆಯಲ್ಲಿ 58.6 ಲಕ್ಷ ಬ್ಯಾರೆಲ್‌ನಷ್ಟು ಜಾಗವನ್ನು ಅಬುಧಾಬಿಯ ರಾಷ್ಟ್ರೀಯ ತೈಲ ಕಂಪೆನಿ ಪಡೆಯಿತು. ತೈಲ ಅವರದು, ತುರ್ತು ಬಂದರೆ ಮೊದಲ ಹಕ್ಕು ಭಾರತದ್ದು.