ಬಡಾವಣೆಯ ಚರಿತ್ರೆಗೆ ಗ್ರಂಥಾಲಯದಲ್ಲೊಂದು ಕಪಾಟು



ಸಾರ್ವಜನಿಕ ಗ್ರಂಥಾಲಯದ ಶಾಖೆಯೊಂದಕ್ಕೆ ಹೋಗಿ ಹಂಪೆಯ ಬಗೆಗೆ ಪುಸ್ತಕ ಬೇಕೆಂದು ಕೇಳಿದರೆ ನಾಲ್ಕಾರು ದೊರೆಯುತ್ತವೆ. ಫ್ರಾನ್ಸಿನ ಮಹಾಕ್ರಾಂತಿಯ ಬಗೆಗೂ ಒಂದೆರಡು ದೊರೆತಾವು. ಆದರೆ ಯಡಿಯೂರಿನ ಬಗೆಗೆ, ಬೈರಸಂದ್ರದ ಬಗೆಗೆ, ಸಾರಕ್ಕಿಯ ಬಗೆಗೆ ಒಂದು ಪುಟವಾದರೂ ಬೇಕೆಂದರೆ ಗ್ರಂಥಪಾಲಕರು ಏನನ್ನು ತೆಗೆದುಕೊಟ್ಟಾರು? ಚರಿತ್ರೆಯೆಂಬುದು ಎಲ್ಲೋ ದೂರದಲ್ಲಿ ನಡೆದದ್ದು ಎಂಬ ಭಾವನೆ ಮಕ್ಕಳ ಮನಸ್ಸಿನಲ್ಲಿ ಬೇರೂರುವುದಕ್ಕೆ ಇದೂ ಒಂದು ಕಾರಣವೆಂದು ಸಮಾಜ ವಿಜ್ಞಾನ ಬೋಧಿಸಿದ ನನಗೆ ಬಹುಕಾಲದಿಂದ ಅನ್ನಿಸಿದೆ. ದಕ್ಷಿಣ ಬೆಂಗಳೂರಿನ ಒಂದೊಂದು ಸಾರ್ವಜನಿಕ ಗ್ರಂಥಾಲಯದಲ್ಲಿಯೂ ಆಯಾ ಪ್ರದೇಶದ ಚರಿತ್ರೆಗೆಂದೇ ಒಂದು ಕಪಾಟು ಏಕಿರಬೇಕು, ಅದರಲ್ಲಿ ಏನಿರಬೇಕು ಎಂಬುದನ್ನು ಈ ಲೇಖನದಲ್ಲಿ ವಿಚಾರ ಮಾಡೋಣ.

ಮೊದಲು ನಮ್ಮ ಬಡಾವಣೆಗಳ ಹುಟ್ಟನ್ನು ನೆನೆಯಬೇಕು. ಬೆಂಗಳೂರು ನಗರಾಭಿವೃದ್ಧಿ ವಿಶ್ವಸ್ತ ಮಂಡಳಿ, ಅಂದರೆ ಹಿರಿಯರ ಬಾಯಲ್ಲಿ ಸಿ.ಐ.ಟಿ.ಬಿ., 1945ರಲ್ಲಿ ಸ್ಥಾಪನೆಯಾಯಿತು. 1948ರಲ್ಲಿ ಅಂದಿನ ಗವರ್ನರ್ ಜನರಲ್ ಚಕ್ರವರ್ತಿ ರಾಜಗೋಪಾಲಾಚಾರಿಯವರು ಜಯನಗರಕ್ಕೆ ಶಂಕುಸ್ಥಾಪನೆ ಮಾಡಿದರು. ಇಂದಿನ ಅಶೋಕ ಸ್ತಂಭ ಆ ಕಾಲದ ಸಾಕ್ಷಿಯಾಗಿ ನಿಂತಿದೆ. ಇಷ್ಟನ್ನು ಬಲ್ಲವರು ಅನೇಕರಿದ್ದಾರೆ. ಆದರೆ ಶಂಕುಸ್ಥಾಪನೆಯ ಹಿಂದಿನ ದಿನ ಅಲ್ಲಿ ಏನಿತ್ತು? ಕನಕನಪಾಳ್ಯವಿತ್ತು, ಸಿದ್ದಾಪುರವಿತ್ತು, ಬೈರಸಂದ್ರವಿತ್ತು, ಯಡಿಯೂರು ಇತ್ತು. ಹೊಲಗಳಿದ್ದವು, ಕೆರೆಗಳಿದ್ದವು, ಕೆರೆಗೆ ತೂಬು ಎತ್ತುವ ನೀರುಗಂಟಿಗಳಿದ್ದರು, ಗ್ರಾಮದೇವತೆಗಳ ಜಾತ್ರೆಗಳಿದ್ದವು. ಬಿ.ಟಿ.ಎಂ. ಎಂಬ ಮೂರಕ್ಷರವನ್ನೇ ತೆಗೆದುಕೊಳ್ಳಿ. ಅದು ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳ ಹೆಸರು. ಅಲ್ಲಿ ನಿತ್ಯ ಬಸ್ಸಿಳಿಯುವ ಸಹಸ್ರಾರು ಜನರಲ್ಲಿ ಎಷ್ಟು ಮಂದಿಗೆ ಇದು ಗೊತ್ತು? ಜೆ.ಪಿ. ನಗರವೆಂಬ ಹೆಸರು ಜಯಪ್ರಕಾಶ ನಾರಾಯಣರನ್ನು ನೆನಪಿಸುತ್ತದೆಯೇ ಹೊರತು ಸಾರಕ್ಕಿಯನ್ನಾಗಲಿ ಜರಗನಹಳ್ಳಿಯನ್ನಾಗಲಿ ಪುಟ್ಟೇನಹಳ್ಳಿಯನ್ನಾಗಲಿ ನೆನಪಿಸುವುದಿಲ್ಲ.

ಇವೆಲ್ಲ ಬಹಳ ಹಳೆಯ ನೆಲ. ನಮಗೆ ದಕ್ಷಿಣದಲ್ಲಿ ಹತ್ತಿರವೇ ಇರುವ ಬೇಗೂರಿನ ದೇವಾಲಯದ ವೀರಗಲ್ಲೊಂದು ಸುಮಾರು ಕ್ರಿ.ಶ. 890ರದು. ಬೆಂಗಳೂರಿನ ಕಾಳಗವನ್ನು ಅದು ಉಲ್ಲೇಖಿಸುತ್ತದೆ. ಕೆಂಪೇಗೌಡರಿಗಿಂತ ಆರು ಶತಮಾನಗಳಿಗೂ ಹಿಂದೆ ಈ ಊರಿಗೆ ಈ ಹೆಸರಿತ್ತೆಂಬುದು ನಮಗೆ ತಿಳಿದದ್ದು ಆ ಒಂದು ಕಲ್ಲಿನಿಂದ. ಬಿ.ಎಲ್. ರೈಸ್ ಅವರು 'ಎಪಿಗ್ರಾಫಿಯಾ ಕರ್ನಾಟಿಕಾ'ದ ಒಂಬತ್ತನೆಯ ಸಂಪುಟವನ್ನು ಬೆಂಗಳೂರು ಜಿಲ್ಲೆಯ ಶಾಸನಗಳಿಗೆ ಮೀಸಲಿಟ್ಟು 1905ರಲ್ಲಿ ಪ್ರಕಟಿಸಿದರು. ಅಂದು ಪ್ರತಿಯೆತ್ತಿದ ಕಲ್ಲುಗಳಲ್ಲಿ ಹಲವು ಇಂದು ತಮ್ಮ ಸ್ಥಳದಲ್ಲಿಲ್ಲ. ರಸ್ತೆ ಅಗಲವಾದಾಗ, ಅಡಿಪಾಯ ತೋಡಿದಾಗ ಮಾಯವಾದವು. ಪಠ್ಯ ಮಾತ್ರ ಪುಸ್ತಕದಲ್ಲಿ ಉಳಿಯಿತು. ಉಳಿದಿರುವ ಕಲ್ಲುಗಳನ್ನಾದರೂ ಮೂರು ಆಯಾಮಗಳಲ್ಲಿ ದಾಖಲಿಸಬೇಕೆಂದು 1909ರಲ್ಲಿ ಸ್ಥಾಪಿತವಾದ ಮಿಥಿಕ್ ಸೊಸೈಟಿಯು 2021ರಿಂದ ಬೆಂಗಳೂರಿನ ಶಾಸನಗಳ ಡಿಜಿಟಲ್ ಸಂರಕ್ಷಣೆಯ ಕಾರ್ಯವನ್ನು ನಡೆಸಿಕೊಂಡು ಬಂದಿದೆ. ಕಲ್ಲಿನಂಥ ಗಟ್ಟಿ ವಸ್ತುವೇ ನೂರು ವರ್ಷಗಳಲ್ಲಿ ಕಣ್ಮರೆಯಾಗುವುದಾದರೆ ಕಾಗದದ ಗತಿಯೇನು ಎಂಬುದನ್ನು ನೀವೇ ಊಹಿಸಬಹುದು.

ನಮ್ಮ ಸುತ್ತಮುತ್ತ ಈ ದಿಸೆಯಲ್ಲಿ ಕೆಲಸವೇ ನಡೆದಿಲ್ಲವೆಂದು ಹೇಳಿದರೆ ಕೃತಘ್ನತೆಯಾದೀತು. ಬುಲ್ ಟೆಂಪಲ್ ರಸ್ತೆಯಲ್ಲಿ ಡಿ.ವಿ.ಜಿ.ಯವರು 1945ರಲ್ಲಿ ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯ ಗ್ರಂಥಾಲಯವಿದೆ. ನರಸಿಂಹರಾಜ ಕಾಲೋನಿಯಲ್ಲಿ ಬಿ.ಎಂ.ಶ್ರೀ. ಸ್ಮಾರಕ ಪ್ರತಿಷ್ಠಾನವಿದೆ, ಅಲ್ಲಿ ಹಸ್ತಪ್ರತಿಗಳ ಸಂಗ್ರಹವೂ ಇದೆ. ಕೆಂಪೇಗೌಡನಗರದ ಉದಯಭಾನು ಕಲಾಸಂಘವು 'ಬೆಂಗಳೂರು ದರ್ಶನ'ವೆಂಬ ಬೃಹತ್ ಸಂಪುಟಗಳನ್ನೇ ಹೊರತಂದಿತು. ಒಂದು ಬಡಾವಣೆಯ ಸಂಘ ಇಂಥ ಕೆಲಸ ಮಾಡಬಲ್ಲದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಆದರೆ ಇವುಗಳ ದೃಷ್ಟಿ ಸಾಹಿತ್ಯದ ಮೇಲೆ, ರಾಜ್ಯದ ಮೇಲೆ ಅಥವಾ ಇಡೀ ನಗರದ ಮೇಲೆ. ಹತ್ತು ಬೀದಿಗಳ ಚರಿತ್ರೆಯನ್ನು ಕಾಪಾಡುವ ಹೊಣೆ ಆ ಹತ್ತು ಬೀದಿಗಳ ನಡುವೆಯೇ ಇರುವ, ಯಾರು ಬೇಕಾದರೂ ಒಳಹೋಗಬಹುದಾದ ಸಂಸ್ಥೆಗೆ ಸಲ್ಲುತ್ತದೆ. ಅಂಥದು ಸಾರ್ವಜನಿಕ ಗ್ರಂಥಾಲಯವೊಂದೇ.

ಈ ಗ್ರಂಥಾಲಯಗಳು ಯಾರದೋ ದಾನದಿಂದ ನಡೆಯುವಂಥವಲ್ಲ. ಗ್ರಂಥಾಲಯ ವಿಜ್ಞಾನದ ಪಿತಾಮಹರೆನಿಸಿದ ಎಸ್.ಆರ್. ರಂಗನಾಥನ್ ಅವರು 1957ರಿಂದ 1972ರಲ್ಲಿ ನಿಧನರಾಗುವವರೆಗೆ ಬೆಂಗಳೂರಿನಲ್ಲೇ ನೆಲೆಸಿದ್ದರು. ಅವರ ಕಾಲದಲ್ಲಿಯೇ, 1965ರಲ್ಲಿ, ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ ನಮ್ಮ ರಾಜ್ಯದಲ್ಲಿ ಬಂದಿತು. ಅದರ ಪ್ರಕಾರ ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇ. 6ರಷ್ಟು ಗ್ರಂಥಾಲಯ ಕರ ಸೇರುತ್ತದೆ. ತೆರಿಗೆಯ ರಸೀದಿಯನ್ನು ತೆಗೆದು ನೋಡಿ, ಗ್ರಂಥಾಲಯದಲ್ಲಿ ನಿಮ್ಮ ಪಾಲೆಷ್ಟೆಂಬುದು ತಿಳಿಯುತ್ತದೆ. ಬಾಡಿಗೆಯವರೂ ಬಾಡಿಗೆಯ ಮೂಲಕ ಇದನ್ನು ಕೊಟ್ಟಂತೆಯೇ. ಹಾಗಿರುವಾಗ ಕಪಾಟೊಂದನ್ನು ಕೇಳುವುದು ನಮ್ಮ ಹಕ್ಕಿನ ಮಾತು.

ಕಾನೂನಿನ ಇನ್ನೊಂದು ಮುಖವನ್ನೂ ಗಮನಿಸಬೇಕು. 1954ರ ಕೇಂದ್ರದ ಕಾಯಿದೆಯಂತೆ ದೇಶದಲ್ಲಿ ಪ್ರಕಟವಾಗುವ ಪುಸ್ತಕಗಳ ಪ್ರತಿ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬಯಿ, ದೆಹಲಿಗಳ ಒಂದೊಂದು ಗ್ರಂಥಾಲಯಕ್ಕೂ ಹೋಗಬೇಕು. ಆದರೆ ಬಡಾವಣೆಯ ಗಣೇಶೋತ್ಸವದ ಸ್ಮರಣ ಸಂಚಿಕೆ, ನಿವಾಸಿಗಳ ಸಂಘದ ವಾರ್ಷಿಕ ವರದಿ, ಶಾಲೆಯ ಬೆಳ್ಳಿಹಬ್ಬದ ಸಂಚಿಕೆ, ರಾಗಿಗುಡ್ಡದ ಹನುಮಜ್ಜಯಂತಿಯ ಆಮಂತ್ರಣ ಪತ್ರಿಕೆ ಇವು ಅಲ್ಲಿಗೆ ತಲುಪುವುದುಂಟೇ? ನೂರೋ ಇನ್ನೂರೋ ಪ್ರತಿ ಅಚ್ಚಾಗಿ, ಹಂಚಿಹೋಗಿ, ಮನೆ ಖಾಲಿ ಮಾಡುವಾಗ ಹಳೆಯ ಪೇಪರಿನ ಅಂಗಡಿಯ ತಕ್ಕಡಿಗೆ ಬೀಳುತ್ತವೆ. ಒಂದು ಬೀದಿಗೆ ನೀರಿನ ಕೊಳಾಯಿ ಯಾವ ವರ್ಷ ಬಂತು, ಮೊದಲ ಬಸ್ಸು ಎಲ್ಲಿಯವರೆಗೆ ಓಡುತ್ತಿತ್ತು, ನಿವೇಶನದ ಬೆಲೆ ಎಷ್ಟಿತ್ತು ಎಂಬ ಸಂಗತಿಗಳು ಇರುವುದು ಇಂಥ ಕಾಗದಗಳಲ್ಲಿಯೇ.

ಕಚೇರಿಗಳ ಕಡತಗಳನ್ನು ನಂಬೋಣವೆಂದರೆ ಕಚೇರಿಗಳೇ ಬದಲಾಗುತ್ತ ಬಂದಿವೆ. 1949ರಲ್ಲಿ ನಗರ ಮತ್ತು ದಂಡು ಪ್ರದೇಶದ ಆಡಳಿತಗಳು ಒಂದಾಗಿ ಕಾರ್ಪೊರೇಷನ್ ಆಯಿತು. 1976ರಲ್ಲಿ ಸಿ.ಐ.ಟಿ.ಬಿ. ಹೋಗಿ ಬಿ.ಡಿ.ಎ. ಬಂದಿತು. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಬಂದಿತು. 2025ರಲ್ಲಿ ಅದೂ ಹೋಗಿ ಐದು ನಗರ ಪಾಲಿಕೆಗಳಾದವು. ಇಂಥ ಒಂದೊಂದು ಬದಲಾವಣೆಯಲ್ಲಿಯೂ ಕಡತಗಳು ಕಟ್ಟಡದಿಂದ ಕಟ್ಟಡಕ್ಕೆ ಸಾಗುತ್ತವೆ. ಸಾಗುವಾಗ ಎಲ್ಲವೂ ಕ್ಷೇಮವಾಗಿ ತಲುಪುತ್ತವೆಂಬ ಭರವಸೆಯನ್ನು ಯಾರೂ ಕೊಡಲಾರರು.

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ. ಇಂಥ ಸಂಗ್ರಹವನ್ನು ಕಟ್ಟಲು ಹೊರಟಾಗ ಮೊದಲು ಬಂದು ಸೇರುವುದು ನಿವೇಶನ ಪಡೆದವರ ಕಾಗದಗಳು: ಹಂಚಿಕೆ ಪತ್ರ, ಮನೆಯ ನಕ್ಷೆ, ಗೃಹಪ್ರವೇಶದ ಛಾಯಾಚಿತ್ರ. ಏಕೆಂದರೆ ಅಂಥ ಮನೆಗಳಲ್ಲಿ ಕಾಗದವಿತ್ತು, ಅದನ್ನಿಡಲು ಬೀರುವಿತ್ತು. ಇಷ್ಟಕ್ಕೇ ನಿಂತರೆ ಜಯನಗರವೆಂದರೆ 1948ರಲ್ಲಿ ಬಯಲಿನಲ್ಲಿ ತಾನೇ ತಾನಾಗಿ ಎದ್ದ ಊರೆಂಬ ಕಥೆ ಸಿದ್ಧವಾಗುತ್ತದೆ. ಆ ನೆಲವನ್ನು ಉತ್ತವರು, ಭೂಸ್ವಾಧೀನದಲ್ಲಿ ಹೊಲ ಕಳೆದುಕೊಂಡವರು, ಮನೆ ಕಟ್ಟಲು ಕಲ್ಲು ಹೊತ್ತವರು, ಸೊಪ್ಪಿನ ಬುಟ್ಟಿ ಹೊತ್ತು ಬಾಗಿಲಿಗೆ ಬಂದವರು ಇವರ ಪಾಲು ಅಳಿಸಿಹೋಗುತ್ತದೆ. ಆದ್ದರಿಂದ ಹಳೆಯ ಪಹಣಿಯ ನಕಲು, ಪರಿಹಾರದ ನೋಟೀಸು, ಗ್ರಾಮದೇವತೆಯ ಹಬ್ಬದ ಲೆಕ್ಕದ ಪುಸ್ತಕ ಇವುಗಳಿಗೆ ಮೊದಲ ಮಣೆ ಸಲ್ಲಬೇಕು. ಕಾಗದವಿಲ್ಲದಲ್ಲಿ ಬಾಯಿಮಾತನ್ನು ದಾಖಲಿಸಬೇಕು. ಯುನೆಸ್ಕೊ ಮತ್ತು ಗ್ರಂಥಾಲಯಗಳ ಅಂತರರಾಷ್ಟ್ರೀಯ ಒಕ್ಕೂಟ ಸೇರಿ 2022ರಲ್ಲಿ ಪರಿಷ್ಕರಿಸಿದ ಸಾರ್ವಜನಿಕ ಗ್ರಂಥಾಲಯಗಳ ಪ್ರಣಾಳಿಕೆಯು ಸ್ಥಳೀಯ ಜ್ಞಾನವನ್ನೂ ಮೌಖಿಕ ಪರಂಪರೆಯನ್ನೂ ಉಳಿಸುವುದು ಗ್ರಂಥಾಲಯದ ಕರ್ತವ್ಯವೆಂದೇ ಹೇಳಿದೆ. ರಾಗಿಯ ರಾಶಿ ಕಲ್ಲಾಗಿ ರಾಗಿಗುಡ್ಡವಾಯಿತೆಂಬ ಐತಿಹ್ಯವನ್ನೂ ಬರೆದಿಡೋಣ. ಆದರೆ ಐತಿಹ್ಯವೆಂದೇ, ಯಾರು ಯಾವಾಗ ಹೇಳಿದರೆಂಬುದರ ಸಹಿತ ಬರೆದಿಡೋಣ.

ಇತ್ತೀಚಿನದೂ ಚರಿತ್ರೆಯೇ ಎಂಬುದನ್ನು ಮರೆಯಬಾರದು. ನಮ್ಮ ಮೆಟ್ರೋ ಹಸಿರು ಮಾರ್ಗ 2017ರ ಜೂನ್‌ನಲ್ಲಿ ಜಯನಗರ, ಬನಶಂಕರಿಗಳನ್ನು ಹಾದು ಯಲಚೇನಹಳ್ಳಿಯನ್ನು ಮುಟ್ಟಿತು. ಅದರ ನಕ್ಷೆಗಳು, ಉದ್ಘಾಟನೆಯ ಚಿತ್ರಗಳು ಸರ್ಕಾರದಲ್ಲಿ ಇರುತ್ತವೆ. ಆದರೆ 2009ರಲ್ಲಿ ಲಕ್ಷ್ಮಣರಾವ್ ಉದ್ಯಾನದ ಬಳಿ, ನಂದಾ ರಸ್ತೆಯಲ್ಲಿ, ಇದೇ ಮಾರ್ಗಕ್ಕಾಗಿ ಮರ ಕಡಿಯಬಾರದೆಂದು ಪ್ರತಿಭಟಿಸಿದ ನಾಗರಿಕರು ಹಂಚಿದ ಕರಪತ್ರಗಳು ಯಾರಲ್ಲಿವೆ? ಮೆಟ್ರೋ ಬೇಕೆಂದವರ ಮಾತು, ಮರ ಬೇಕೆಂದವರ ಮಾತು ಎರಡೂ ಒಂದೇ ಕಪಾಟಿನಲ್ಲಿರಬೇಕು. ತೀರ್ಪು ಕೊಡುವ ಕೆಲಸ ಮುಂದಿನವರದು. ಹಾಗೆಯೇ ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಯನ್ನು ಸುತ್ತಲಿನ ನಿವಾಸಿಗಳು ಟ್ರಸ್ಟ್ ಮಾಡಿಕೊಂಡು ಉಳಿಸಿದ ಕಥೆಯೂ ಕಪಾಟಿಗೆ ಸೇರತಕ್ಕದ್ದು.

ಇನ್ನು ಕೆಲಸದ ಕ್ರಮ. ಇದಕ್ಕೆ ಮೇಲ್ಮಟ್ಟದ ಯಂತ್ರೋಪಕರಣ ಬೇಕಿಲ್ಲ. ಮೊದಲನೆಯದಾಗಿ ಒಂದು ದಪ್ಪ ರಿಜಿಸ್ಟರ್ ಬೇಕು. ಬಂದ ವಸ್ತುವಿಗೆ ಕ್ರಮಸಂಖ್ಯೆ, ಬಂದ ದಿನ, ಕೊಟ್ಟವರ ಹೆಸರು, ಅದು ಯಾವ ಬೀದಿಗೆ ಅಥವಾ ಊರಿಗೆ ಸಂಬಂಧಿಸಿದ್ದು ಎಂಬುದನ್ನು ಅದರಲ್ಲಿ ಬರೆಯಬೇಕು. ಎರಡನೆಯದಾಗಿ, ಮೂಲವನ್ನು ಕೊಡಲು ಮನಸ್ಸಿಲ್ಲದವರಿಂದ ಪ್ರತಿ ಮಾಡಿಕೊಂಡು ಮೂಲವನ್ನು ಹಿಂದಿರುಗಿಸಬೇಕು. ಕುಟುಂಬದ ಕಾಗದವನ್ನು ಎಲ್ಲರಿಗೂ ತೋರಿಸಬಹುದೇ, ಕೆಲವು ವರ್ಷಗಳವರೆಗೆ ಮುಚ್ಚಿಡಬೇಕೇ ಎಂಬುದನ್ನು ಕೊಟ್ಟವರಿಂದಲೇ ಬರೆಸಿಕೊಳ್ಳಬೇಕು. ಮೂರನೆಯದಾಗಿ, ಛಾಯಾಚಿತ್ರದ ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಯಾರು, ಎಲ್ಲಿ, ಯಾವ ವರ್ಷ ಎಂದು ನಮೂದಿಸಬೇಕು. ಹೆಸರಿಲ್ಲದ ಚಿತ್ರ ಒಂದು ತಲೆಮಾರು ಕಳೆದರೆ ಯಾರದೋ ಚಿತ್ರವಾಗಿಬಿಡುತ್ತದೆ. ಹರಿದ ಹಾಳೆಗೆ ಅಂಟುಪಟ್ಟಿ ಹಚ್ಚಬಾರದು. ಅದು ಹಳದಿಗಟ್ಟಿ ಅಕ್ಷರವನ್ನೇ ತಿನ್ನುತ್ತದೆ.

ಪ್ರತಿಯನ್ನು ಬೇರೆಡೆಯೂ ಇಡುವುದು ಅತ್ಯಗತ್ಯ. 1981ರಲ್ಲಿ ಜಾಫ್ನಾದ ಸಾರ್ವಜನಿಕ ಗ್ರಂಥಾಲಯಕ್ಕೆ ಬೆಂಕಿಯಿಟ್ಟಾಗ ಸುಮಾರು 97,000 ಗ್ರಂಥಗಳು ಸುಟ್ಟುಹೋದವು. ಅವುಗಳಲ್ಲಿ ತಾಳೆಗರಿಗಳೂ ಇದ್ದವು. ಇಂಗ್ಲೆಂಡಿನ ನಾರ್ವಿಚ್ ನಗರದ ಕೇಂದ್ರ ಗ್ರಂಥಾಲಯ 1994ರ ಆಗಸ್ಟ್ 1ರಂದು ಬೆಂಕಿಗೆ ಆಹುತಿಯಾದಾಗ ಸ್ಥಳೀಯ ಚರಿತ್ರೆಯ ಸಂಗ್ರಹದ ಬಹುಭಾಗ ನಾಶವಾಯಿತು. ನಮ್ಮ ಕಾಲದ ಅನುಕೂಲವೆಂದರೆ ಸ್ಕ್ಯಾನ್ ಮಾಡುವುದು ಸುಲಭವಾಗಿದೆ. 'ಸರ್ವೆಂಟ್ಸ್ ಆಫ್ ನಾಲೆಡ್ಜ್' ಎಂಬ ಯೋಜನೆಯಡಿ ಬೆಂಗಳೂರಿನಲ್ಲೇ ಸಹಸ್ರಾರು ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಇಂಟರ್ನೆಟ್ ಆರ್ಕೈವ್‌ನಲ್ಲಿ ಎಲ್ಲರಿಗೂ ತೆರೆದಿಟ್ಟಿದ್ದಾರೆ. ಬಡಾವಣೆಯ ಕಾಗದಗಳಿಗೂ ಅದೇ ದಾರಿಯಿದೆ.

ಗ್ರಂಥಾಲಯದಲ್ಲಿ ಸ್ಥಳವಿಲ್ಲ, ಸಿಬ್ಬಂದಿಯಿಲ್ಲ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಮಕ್ಕಳಿಗೇ ಕುರ್ಚಿ ಸಾಲದು ಎಂಬ ಆಕ್ಷೇಪವನ್ನು ನಾನು ಬಲ್ಲೆ. ಅದು ಸುಳ್ಳಲ್ಲ. ಆದ್ದರಿಂದಲೇ ನಾನು ಕೇಳುತ್ತಿರುವುದು ಬೀಗವಿರುವ ಒಂದು ಕಪಾಟನ್ನು ಮಾತ್ರ. ಪಟ್ಟಿ ಮಾಡುವ, ಪ್ರತಿಯೆತ್ತುವ ಶ್ರಮವನ್ನು ನಿವೃತ್ತರಾದ ನನ್ನಂಥವರೂ ರಜೆಯಲ್ಲಿರುವ ವಿದ್ಯಾರ್ಥಿಗಳೂ ವಹಿಸಿಕೊಳ್ಳಬಹುದು. ಗ್ರಂಥಪಾಲಕರ ಮೇಲ್ವಿಚಾರಣೆ, ಇಲಾಖೆಯ ಮೊಹರು ಎರಡೂ ಮಾತ್ರ ಇರಲೇಬೇಕು. ಉತ್ಸಾಹಿ ವ್ಯಕ್ತಿಯೊಬ್ಬರ ಮನೆಯಲ್ಲಿರುವ ಸಂಗ್ರಹ ಆ ವ್ಯಕ್ತಿಯ ನಂತರ ಏನಾಗುವುದೆಂದು ಯಾರೂ ಹೇಳಲಾರರು. ರಿಜಿಸ್ಟರಿಗೆ ಏರಿ ಮೊಹರು ಬಿದ್ದ ವಸ್ತುವಿಗಾದರೋ ಒಂದು ಲೆಕ್ಕವಿರುತ್ತದೆ.

1950ರ, 60ರ ದಶಕದ ಮನೆಗಳು ಒಂದೊಂದಾಗಿ ಉರುಳಿ ಅಪಾರ್ಟ್‌ಮೆಂಟುಗಳು ಏಳುತ್ತಿವೆ. ಜಯನಗರ ಹಳ್ಳಿಯಾಗಿದ್ದುದನ್ನು ಕಣ್ಣಾರೆ ಕಂಡವರಿಗೆ ಈಗ ಎಂಬತ್ತು ದಾಟಿದೆ. ಆದಕಾರಣ ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಅಟ್ಟ ಗುಡಿಸುವಾಗ, ಮನೆ ಬದಲಾಯಿಸುವಾಗ, ಹಿರಿಯರೊಬ್ಬರು ತೀರಿಕೊಂಡು ಅವರ ಪೆಟ್ಟಿಗೆ ತೆರೆಯುವಾಗ ಕಾಗದಗಳನ್ನು ತೂಕಕ್ಕೆ ಹಾಕುವ ಮುನ್ನ ಒಂದು ಗಂಟೆ ಕುಳಿತು ನೋಡಿ. ಬಡಾವಣೆಯ, ಊರಿನ, ಶಾಲೆಯ ಹೆಸರಿರುವುದನ್ನು ಬೇರೆ ತೆಗೆದಿಡಿ. ಅಜ್ಜ ಅಜ್ಜಿಯರಿದ್ದರೆ ಮೊಬೈಲನ್ನು ಮುಂದಿಟ್ಟು ಅವರ ಬಾಲ್ಯದ ಕೆರೆ, ಹೊಲ, ಹಬ್ಬಗಳ ಬಗೆಗೆ ಕೇಳಿ ಧ್ವನಿಮುದ್ರಿಸಿಕೊಳ್ಳಿ. ಆಮೇಲೆ ನಿಮ್ಮ ಬಡಾವಣೆಯ ಗ್ರಂಥಾಲಯಕ್ಕೆ ನಾಲ್ಕಾರು ಮಂದಿ ಕೂಡಿ ಹೋಗಿ, ಲಿಖಿತ ಮನವಿ ಕೊಟ್ಟು, ಸ್ವೀಕೃತಿ ಪಡೆದು ಬನ್ನಿ. ಹಾಗೆ ಹೋಗುವವರ ಜೊತೆಗೆ ಬರಲು ನಾನು ಸಿದ್ಧನಿದ್ದೇನೆ.